ಮೆಲ್ಲಗೆ ಮಾತಾಡಿ, ಪಿಸುಗುಟ್ಟಬೇಡಿ

ಹೋದ ಮಳೆಗಾಲದಲ್ಲಿ ನನ್ನ ಗಂಟಲು ಕಟ್ಟಿತು. ದಾವಣಗೆರೆಯ ಹೈಸ್ಕೂಲೊಂದರಲ್ಲಿ ವರ್ಷಾನುಗಟ್ಟಲೆ ಕನ್ನಡ ಪಾಠ ಮಾಡಿ, ಹಿಂದಿನ ಬೆಂಚಿನವರೆಗೂ ಕೂಗಿ ಕೂಗಿ ಸವೆದ ಗಂಟಲು. ಕಷಾಯ, ಉಪ್ಪುನೀರು, ಜೇಷ್ಠಮಧು ಎಲ್ಲ ಆಯಿತು. ಕೊನೆಗೆ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆ. ಅವರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಚೀಟಿ ಬರೆದು, ಎದ್ದು ಹೊರಡುವಾಗ ಒಂದು ಮಾತು ಹೇಳಿದರು: ‘ಒಂದು ವಾರ ಆದಷ್ಟು ಸುಮ್ಮನಿರಿ. ಮಾತಾಡಲೇಬೇಕಾದರೆ ಮೆಲ್ಲಗೆ ಮಾತಾಡಿ. ಪಿಸುಗುಟ್ಟಬೇಡಿ ಮಾತ್ರ.’

ನಾನು ಬಾಗಿಲಲ್ಲೇ ನಿಂತೆ. ಮೆಲ್ಲಗೆ ಮಾತಾಡುವುದು, ಪಿಸುಗುಟ್ಟುವುದು ಎರಡೂ ಒಂದೇ ಅಲ್ಲವೇ? ‘ಪಿಸುಮಾತು ಎಂದರೇನು’ ಎಂದು ಯಾವ ಹುಡುಗ ಕೇಳಿದ್ದರೂ ‘ಮೆಲ್ಲಗೆ ಆಡುವ ಮಾತು ಕಣೋ’ ಎಂದೇ ಹೇಳುತ್ತಿದ್ದೆ. ಕನ್ನಡದ ಮೇಷ್ಟ್ರಿಗೆ ಕನ್ನಡದ ಪದದ ಅರ್ಥವನ್ನು ಡಾಕ್ಟರು ತಿದ್ದಿದ ಹಾಗಾಯಿತು. ಮನೆಗೆ ಬಂದು ಮಾತಿಲ್ಲದೆ ಕೂತ ಆ ಒಂದು ವಾರದಲ್ಲಿ ನನಗೆ ಬೇರೆ ಕೆಲಸವೇನಿರಲಿಲ್ಲ. ಈ ಒಂದು ಪದದ ಬೆನ್ನು ಹತ್ತಿದೆ.

ಮೊದಲು ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಕತ್ತಿನ ಮುಂಭಾಗದ ಗಂಟಿನ ಮೇಲೆ ಎರಡು ಬೆರಳಿಟ್ಟುಕೊಂಡು ‘ಅಮ್ಮ’ ಎನ್ನಿ, ಎಷ್ಟು ಮೆಲ್ಲಗಾದರೂ ಸರಿ. ಬೆರಳಿಗೆ ಜುಮುಜುಮು ಗೊತ್ತಾಗುತ್ತದೆ. ಈಗ ಅದೇ ‘ಅಮ್ಮ’ವನ್ನು ಪಿಸುಗುಟ್ಟಿ. ಜುಮುಜುಮು ಇಲ್ಲ. ಬಾಯಿ, ತುಟಿ, ನಾಲಿಗೆ ಎಲ್ಲ ಮೊದಲಿನಂತೆಯೇ ಕೆಲಸ ಮಾಡುತ್ತಿವೆ, ಗಂಟಲು ಮಾತ್ರ ಮುಷ್ಕರ ಹೂಡಿದೆ.

ಆಗುವುದು ಇಷ್ಟು. ಗಂಟಲಗೂಡಿನಲ್ಲಿ ಎರಡು ಧ್ವನಿತಂತುಗಳಿವೆ. ತಂತು ಎಂದರೂ ದಾರದಂತಲ್ಲ, ಮಡಿಕೆಗಳು. ಮಾತಾಡುವಾಗ ಇವು ಒಂದಕ್ಕೊಂದು ಕೂಡಿ, ಕೆಳಗಿನಿಂದ ಬರುವ ಉಸಿರಿನ ಒತ್ತಡಕ್ಕೆ ಬಿಚ್ಚಿ, ಮತ್ತೆ ಕೂಡಿ, ಮತ್ತೆ ಬಿಚ್ಚಿ ಅದುರುತ್ತವೆ. ಗಂಡಸರಲ್ಲಿ ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ 200ರ ಆಸುಪಾಸು. ಈ ಅದುರುವಿಕೆಯೇ ದನಿ. ಮೆಲ್ಲಗೆ ಮಾತಾಡಿದಾಗಲೂ ಅವು ಅದುರುತ್ತವೆ, ಒತ್ತಡ ಕಡಿಮೆ, ಅಷ್ಟೇ. ಪಿಸುಗುಟ್ಟುವಾಗ ಹಾಗಲ್ಲ. ಮಡಿಕೆಗಳನ್ನು ಬಿಗಿಹಿಡಿದು, ಹಿಂಭಾಗದಲ್ಲಿ ಒಂದು ಸಣ್ಣ ಸಂದಿಯನ್ನು ಮಾತ್ರ ಬಿಟ್ಟಿರುತ್ತೇವೆ. ಆ ಸಂದಿಯಿಂದ ಉಸಿರು ನುಗ್ಗಿ ಸುಯ್ ಎನ್ನುತ್ತದೆ, ಬಾಗಿಲ ಸಂದಿಯಲ್ಲಿ ಗಾಳಿ ಸುಯ್ಗುಡುವ ಹಾಗೆ. ಆ ಸುಯ್ಲನ್ನೇ ನಾಲಿಗೆ, ತುಟಿ ಕತ್ತರಿಸಿ ಅಕ್ಷರ ಮಾಡುತ್ತವೆ.

ಡಾಕ್ಟರು ಬೇಡವೆಂದದ್ದೂ ಇದಕ್ಕೇ. ಪಿಸುಗುಟ್ಟುವಾಗ ಎಲ್ಲರೂ ಅಲ್ಲದಿದ್ದರೂ ಹಲವರು ಗಂಟಲಗೂಡಿನ ಮೇಲ್ಭಾಗವನ್ನೆಲ್ಲ ಹಿಂಡಿ ಹಿಡಿಯುತ್ತಾರೆ. ವಿಶ್ರಾಂತಿ ಕೊಡುತ್ತಿದ್ದೇವೆಂದು ನಾವು ತಿಳಿದಿರುತ್ತೇವೆ, ಗಂಟಲು ಅಲ್ಲಿ ಒದ್ದಾಡುತ್ತಿರುತ್ತದೆ. ಉಸಿರೂ ಬೇಗ ಖರ್ಚಾಗುತ್ತದೆ. ಉದ್ದದ ವಾಕ್ಯವೊಂದನ್ನು ಪಿಸುದನಿಯಲ್ಲಿ ಒಂದೇ ಉಸಿರಿಗೆ ಮುಗಿಸಲು ಯತ್ನಿಸಿ, ಅರ್ಧಕ್ಕೇ ಬುಗ್ಗೆ ಬರಿದಾಗುತ್ತದೆ.

ಇಲ್ಲಿ ಮೇಷ್ಟ್ರಾಗಿ ತಪ್ಪೊಪ್ಪಿಕೊಳ್ಳಬೇಕು. ವರ್ಗದ ಮೊದಲೆರಡು ಅಕ್ಷರ ಅಘೋಷ, ಮೂರು ನಾಲ್ಕನೆಯವು ಘೋಷ ಎಂದು ಬೋರ್ಡಿನ ಮೇಲೆ ಬರೆದು ಎಷ್ಟು ಬ್ಯಾಚಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ. ಒಬ್ಬ ಹುಡುಗನ ಬೆರಳನ್ನಾದರೂ ಗಂಟಲ ಮೇಲೆ ಇಡಿಸಲಿಲ್ಲ. ಕ-ಗ, ತ-ದ, ಪ-ಬ ಈ ಜೋಡಿಗಳಲ್ಲಿ ನಾಲಿಗೆ ತುಟಿಗಳ ಜಾಗ ಒಂದೇ. ಗಂಟಲು ಅದುರಿದರೆ ಘೋಷ, ಅದುರದಿದ್ದರೆ ಅಘೋಷ. ಹಾಗಿದ್ದ ಮೇಲೆ ಪಿಸುಮಾತೆಂದರೆ ವರ್ಣಮಾಲೆಯನ್ನೆಲ್ಲ ಅಘೋಷ ಮಾಡಿಬಿಡುವುದು. ‘ಗಡಿ’ ಎಂದು ಪಿಸುಗುಟ್ಟಿದರೆ ‘ಕಡಿ’ಯಂತೆ ಕೇಳುತ್ತದೆ, ‘ದಾರ’ ‘ತಾರ’ದಂತೆ. ನಮ್ಮೂರು ಬಟ್ಟೆಯ ಊರು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿತ್ತು. ಆ ನೆಪದಲ್ಲಿ ‘ಪಟ್ಟೆ ಬಟ್ಟೆ’ ಎಂದು ಪಿಸುಗುಟ್ಟಿ ಪಕ್ಕದವರನ್ನು ಕೇಳಿ. ‘ಏನು, ಪಟ್ಟೆ ಪಟ್ಟೇನಾ?’ ಎನ್ನುತ್ತಾರೆ. ಪೂರ್ತಿ ಗೊಂದಲವೇನೂ ಆಗುವುದಿಲ್ಲ. ಅಕ್ಷರ ಎಷ್ಟು ಹೊತ್ತು ನಿಂತಿತು, ಎಷ್ಟು ಬಲವಾಗಿ ಸಿಡಿಯಿತು ಎಂಬ ಸಣ್ಣ ಸುಳಿವುಗಳನ್ನು ಹಿಡಿದು, ಉಳಿದದ್ದನ್ನು ಸಂದರ್ಭದಿಂದ ತುಂಬಿಕೊಂಡು ಕಿವಿ ಹೇಗೋ ಸಂಭಾಳಿಸುತ್ತದೆ.

ದನಿ ಹೋದರೆ ಶ್ರುತಿಯೂ ಹೋಯಿತು. ಆದ್ದರಿಂದ ಹಾಡನ್ನು ಪಿಸುಗುಟ್ಟಲಾಗದು. ಸಾಹಿತ್ಯ ಬರುತ್ತದೆ, ರಾಗ ಬರುವುದಿಲ್ಲ. ಮಾತಾಡುತ್ತಿರುವುದು ಗಂಡೋ ಹೆಣ್ಣೋ, ಪರಿಚಿತರೋ ಅಲ್ಲವೋ ಹೇಳುವುದೂ ಕಷ್ಟ. ಆದರೂ ಒಂದು ಮೋಜಿದೆ. ‘ಊ, ಓ, ಆ, ಏ, ಈ’ ಇದೇ ಕ್ರಮದಲ್ಲಿ ಪಿಸುಗುಟ್ಟುತ್ತ ಹೋಗಿ. ಶ್ರುತಿಯೇ ಇಲ್ಲದಿದ್ದರೂ ಮೆಟ್ಟಿಲು ಹತ್ತಿದಂತೆ ಕೇಳುತ್ತದೆ. ಅದು ಬಾಯಿಯ ಪೊಳ್ಳು ಆಕಾರ ಬದಲಿಸುವ ಸದ್ದು. ಗಟ್ಟಿಯಾಗಿ ಮಾತಾಡುವಾಗ ದನಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ.

ಇನ್ನು ಪದಕ್ಕೆ ಬರೋಣ. ನನಗೆ ನಿಜವಾಗಿ ರೋಮಾಂಚನವಾದದ್ದು ಇಲ್ಲಿ.

‘ಪಿಸು’ ಎಂಬುದು ಅನುಕರಣ ಪದ, ಸದ್ದನ್ನೇ ಹಿಡಿದು ಮಾಡಿದ್ದು. ಅದರಲ್ಲಿರುವ ವ್ಯಂಜನಗಳು ಎರಡೇ: ಪ್, ಸ್. ಎರಡೂ ಅಘೋಷ. ಪಿಸುಗುಟ್ಟುವಾಗ ಬೇರೆ ಅಕ್ಷರಗಳೆಲ್ಲ ಬಾಡಿದರೂ ಬಾಡದೆ ಉಳಿಯುವುದು ಸ, ಶ. ಅವು ಮೊದಲೇ ಗಂಟಲನ್ನು ನೆಚ್ಚಿದವಲ್ಲ. ಯಾರೋ ಇಬ್ಬರು ದೂರದಲ್ಲಿ ಪಿಸುಗುಟ್ಟುತ್ತಿದ್ದರೆ ನಮಗೆ ಬಂದು ತಲಪುವುದು ತುಟಿ ಬಿಚ್ಚುವ ಪುಟ್ಟ ಸಿಡಿತ ಮತ್ತು ಸಕಾರದ ಸುಯ್ಲು. ಅಜ್ಜ ಅಜ್ಜಿಯರು ಅದನ್ನೇ ಪದ ಮಾಡಿಟ್ಟರು. ಅಕ್ಕಪಕ್ಕದವರೂ ಹಾಗೆಯೇ ಮಾಡಿದ್ದಾರೆ: ತೆಲುಗಿನವರು ‘ಗುಸಗುಸ’ ಎನ್ನುತ್ತಾರೆ, ತಮಿಳರು ‘ಕಿಸುಕಿಸು’, ಹಿಂದಿಯವರು ‘ಫುಸ್‌ಫುಸಾನಾ’. ಭಾಷೆ ಯಾವುದಾದರೇನು, ಸಕಾರ ಬಿಟ್ಟಿಲ್ಲ.

ಈ ಪದದ ಹಟವನ್ನೂ ನೋಡಿ. ಹಳಗನ್ನಡದಲ್ಲಿ ಪಕಾರದಿಂದ ಮೊದಲಾಗುತ್ತಿದ್ದ ಪದಗಳಲ್ಲಿ ಹೆಚ್ಚಿನವು ನಡುಗನ್ನಡದ ಹೊತ್ತಿಗೆ ಹಕಾರಕ್ಕೆ ತಿರುಗಿದವು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ‘ಪಿಸುಕು’ ಕೂಡ ‘ಹಿಸುಕು’ ಆಯಿತು. ಆದರೆ ಅದರ ಪಕ್ಕದಲ್ಲೇ ಇದ್ದ ‘ಪಿಸು’ ‘ಹಿಸು’ ಆಗಲಿಲ್ಲ. ಆಗಿದ್ದರೆ ತುಟಿಯ ಸಿಡಿತ ಹೋಗಿ ಪದ ಸದ್ದನ್ನೇ ಕಳೆದುಕೊಳ್ಳುತ್ತಿತ್ತು. ಪಟಪಟವೂ ಹೀಗೆಯೇ ಪಕಾರ ಬಿಡದೆ ಕೂತಿದೆ. ಸದ್ದಿಗೆ ಅಂಟಿಕೊಂಡ ಪದಗಳು ಭಾಷೆಯ ನಿಯಮಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

‘ಪಿಸುಗುಟ್ಟು’ವಿನ ‘ಗುಟ್ಟು’ ನೋಡಿ ಅನೇಕರು ಮೋಸ ಹೋಗುತ್ತಾರೆ. ಗುಟ್ಟನ್ನು ಪಿಸುದನಿಯಲ್ಲಿ ಹೇಳುವುದರಿಂದ ಹಾಗೆ ಬಂತು ಎಂದು ಒಬ್ಬ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಬರೆದಿದ್ದ. ಜಾಣತನಕ್ಕೆ ಅರ್ಧ ಅಂಕ ಕೊಟ್ಟಿದ್ದೆ. ಅದು ಅನುಕರಣ ಪದವನ್ನು ಕ್ರಿಯಾಪದ ಮಾಡುವ ಬಾಲ, ಅಷ್ಟೇ. ವಟಗುಟ್ಟು, ಲೊಚಗುಟ್ಟು, ಮಿಣಗುಟ್ಟು ಇವುಗಳಲ್ಲಿ ಯಾವ ಗುಟ್ಟಿದೆ? ಹಾಗೆಯೇ ಚಾಡಿಕೋರನಿಗೆ ಹಳಗನ್ನಡದಲ್ಲಿ ‘ಪಿಸುಣ’ ಎಂಬ ಮಾತಿದೆ. ಕಿವಿಯಲ್ಲಿ ಪಿಸುಗುಟ್ಟುವವನು ಎಂದು ಹೊಂದಿಸಿಕೊಳ್ಳಲು ಚೆನ್ನಾಗಿದೆ, ಆದರೆ ಅದು ಸಂಸ್ಕೃತದ ‘ಪಿಶುನ’ದ ತದ್ಭವ. ನಂಟಿಲ್ಲ.

‘ಗುಸುಗುಸು’ ಬೇರೆ. ಪಿಸುವನ್ನು ಒಬ್ಬರೇ ಒಬ್ಬರ ಕಿವಿಗೆ ಆಡಬಹುದು. ಗುಸುಗುಸುವಿಗೆ ಗುಂಪು ಬೇಕು. ಮದುವೆಮನೆಯಲ್ಲಿ ಮೂಲೆಯ ನಾಲ್ಕು ಜನ, ಊರಲ್ಲಿ ಇಲ್ಲದ ಐದನೆಯವರ ಬಗ್ಗೆ. ಆಡುವವರಿಗಿಂತ ಹೊರಗೆ ನಿಂತವರು ಬಳಸುವ ಪದ ಅದು: ‘ಏನದು ಗುಸುಗುಸು?’ ನಾವೇ ಆಡುತ್ತಿದ್ದರೆ ‘ಸುಮ್ಮನೆ ಮಾತಾಡ್ತಿದ್ವಿ’ ಎನ್ನುತ್ತೇವೆ. ಇಲ್ಲಿ ಗಕಾರ ಬಂದಿದೆ, ಅಂದರೆ ಸ್ವಲ್ಪ ಘೋಷ ಸೇರಿದೆ. ನಾಲ್ಕು ಜನ ಸೇರಿದ ಕಡೆ ಯಾರದಾದರೂ ದನಿ ಸೋರದೆ ಇರುತ್ತದೆಯೇ? ಇನ್ನೂ ಜನ ಸೇರಲಿ, ‘ಗುಜುಗುಜು’ ಆಗುತ್ತದೆ. ಈಗ ಸಕಾರದ ಜಾಗಕ್ಕೆ ಜಕಾರ ಬಂದು ಕೂತಿದೆ, ಪದ ಪೂರ್ತಿ ಘೋಷ. ಕಾರ್ಯಕ್ರಮ ಶುರುವಾಗುವ ಮೊದಲಿನ ಸಭಾಂಗಣದ ಸದ್ದು. ಪಿಸು, ಗುಸು, ಗುಜು: ಒಂದೊಂದೇ ಅಕ್ಷರಕ್ಕೆ ಗಂಟಲು ಕೂಡಿಕೊಳ್ಳುತ್ತ ಬಂದಿದೆ. ಯಾವ ವೈಯಾಕರಣನೂ ಕೂತು ಮಾಡಿದ್ದಲ್ಲ ಇದು. ಮೂವತ್ತು ಬಾರಿ ಪಾಠ ಮಾಡಿದವನ ಕಣ್ಣಿಗೂ ಬಿದ್ದಿರಲಿಲ್ಲ.

ಗೊಣಗು, ಗುನುಗು ಇವೂ ಸಣ್ಣ ದನಿಯವೇ. ಆದರೆ ಅವುಗಳಲ್ಲಿ ಸಕಾರದ ಬದಲು ಣಕಾರ, ನಕಾರ. ಬಾಯಿ ಅರ್ಧ ಮುಚ್ಚಿ ದನಿಯನ್ನು ಮೂಗಿಗೆ ಬಿಡುವ ಮಾತುಗಳು. ಗುನುಗಿದರೆ ರಾಗ ಬರುತ್ತದೆ, ಏಕೆಂದರೆ ಗಂಟಲು ಅದುರುತ್ತಿದೆ. ಗೊಣಗಿದರೆ ಹೆಂಡತಿಗೆ ಕೇಳುತ್ತದೆ, ಕಾರಣ ಅದೇ.

‘ಮೆಲ್ಲಗೆ’ ಕತೆಯೇ ಬೇರೆ. ‘ಮೆಲ್’ ಎಂದರೆ ಮೃದು. ಹಳಗನ್ನಡದ ಮೆಲ್ನುಡಿ, ಮೆಲ್ಲೆಲರ್ (ತಂಗಾಳಿ) ಎಲ್ಲ ಅದರ ಸಂತಾನ. ಈಗ ಅದು ಸದ್ದಿಗೂ ವೇಗಕ್ಕೂ ಒಂದೇ. ‘ಮೆಲ್ಲಗೆ ನಡಿ’ ಎಂದರೆ ನಿಧಾನ, ‘ಮೆಲ್ಲಗೆ ಮಾತಾಡು’ ಎಂದರೆ ಸಣ್ಣ ದನಿ. ಎದುರಿನ ‘ಜೋರು’ ಕೂಡ ಇದೇ ಇಬ್ಬಗೆಯದು: ಬೈಕೂ ಜೋರು, ಬಾಯೂ ಜೋರು. ಉಕ್ತಲೇಖನ ಕೊಡುವಾಗ ‘ಸಾರ್, ಮೆಲ್ಲಗೆ ಹೇಳಿ’ ಎಂದು ಹಿಂದಿನ ಬೆಂಚಿನವನು ಕೂಗಿದ. ಹೊಸ ಮೇಷ್ಟ್ರು ನಾನು, ದನಿ ತಗ್ಗಿಸಿದೆ. ಅವನು ಇನ್ನೂ ಜೋರಾಗಿ ಕೂಗಿದ. ಇಡೀ ತರಗತಿ ನಕ್ಕಿತು. ‘ಮೆತ್ತಗೆ’ ಎಂದರೂ ಇದೇ ಪಾಡು, ಜೊತೆಗೆ ಸೋತು ಸೊರಗಿದ್ದಕ್ಕೂ ಅದೇ: ‘ಬೈಸಿಕೊಂಡ ಮೇಲೆ ಮೆತ್ತಗಾದ.’

ಬರವಣಿಗೆಯಲ್ಲಿ ‘ಪಿಸುಗುಟ್ಟಿದಳು’ ಬೇಕಾಬಿಟ್ಟಿ ಬಳಕೆಯಾಗುತ್ತಿದೆ ಎಂಬುದು ನನ್ನ ತಕರಾರು. ಕತೆಗಳಲ್ಲಿ ನಾಯಕಿ ಬೀದಿಯ ಆಚೆಯಿಂದ ಪಿಸುಗುಟ್ಟುತ್ತಾಳೆ, ಮಳೆ ಗುಡುಗಿನ ನಡುವೆ ಪಿಸುಗುಟ್ಟುತ್ತಾಳೆ. ಸಾಮಾನ್ಯ ಮಾತುಕತೆಯ ಸದ್ದು ಸುಮಾರು 60 ಡೆಸಿಬೆಲ್, ಪಿಸುಮಾತು 30ರ ಆಜುಬಾಜು. ಅರ್ಧ ಎಂದುಕೊಳ್ಳಬೇಡಿ, ಡೆಸಿಬೆಲ್ ಲೆಕ್ಕದಲ್ಲಿ 30ರ ಅಂತರ ಎಂದರೆ ಶಕ್ತಿಯಲ್ಲಿ ಸಾವಿರ ಪಟ್ಟು ಕಡಿಮೆ. ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಇನ್ನೂ 6 ಕಳೆಯುತ್ತದೆ. ಒಂದು ಸೀಲಿಂಗ್ ಫ್ಯಾನು ಸಾಕು ಮುಚ್ಚಿಹಾಕಲು. ಅಲ್ಲಿ ‘ಮೆಲ್ಲಗೆ ಅಂದಳು’ ಎಂದರೆ ಆಕೆಯೂ ಬದುಕಿದಳು, ಓದುವ ನಾವೂ ಬದುಕಿದೆವು. ಆದರೆ ‘ಎಲೆಗಳು ಪಿಸುಗುಟ್ಟಿದವು’ ಎಂದು ಕವಿ ಬರೆದರೆ ಒಪ್ಪುತ್ತೇನೆ, ಎಲೆಗೆ ಗಂಟಲಿಲ್ಲ. ಹೊಳೆ ಪಿಸುಗುಟ್ಟಕೂಡದು, ಅದಕ್ಕೆ ‘ಜುಳುಜುಳು’ ಎಂಬ ಘೋಷದ ಪದ ಆಗಲೇ ಇದೆ.

ಮಾತಿನಲ್ಲಿ ನಮ್ಮ ಕಡೆ ‘ಪಿಸುಗುಟ್ಟಿದ’ ಎಂದು ಯಾರೂ ಅನ್ನುವುದೇ ಇಲ್ಲ. ‘ಕಿವ್ಯಾಗ ಏನೋ ಅಂದ’ ಎನ್ನುತ್ತಾರೆ. ಬಾಯಿಯ ಕೆಲಸಕ್ಕೆ ಕೇಳುವ ಕಿವಿಯ ಹೆಸರು. ಕಿವಿ ಊದಿದರೆ ಚಾಡಿ, ಕಿವಿ ಕಚ್ಚಿದರೆ ಸುಳಿವು. ಊದಿದ್ದನ್ನೆಲ್ಲ ನಂಬುವವನದು ಹಿತ್ತಾಳೆ ಕಿವಿ. ಒಳ್ಳೆಯದೂ ಕಿವಿಯಲ್ಲೇ: ತೊಟ್ಟಿಲ ಕೂಸಿಗೆ ಸೋದರತ್ತೆ ಹೆಸರು ಹೇಳುವುದು, ದೀಕ್ಷೆಯಲ್ಲಿ ಗುರು ಮಂತ್ರ ಹೇಳುವುದು, ಗುಡಿಯಲ್ಲಿ ಹೆಂಗಸರು ಬಸವಣ್ಣನ ಕಿವಿಗೆ ಬಾಗಿ ಹರಕೆ ಹೇಳಿಕೊಳ್ಳುವುದು. ಜಪದಲ್ಲೂ ಗಟ್ಟಿಯಾಗಿ ಮಾಡುವ ವಾಚಿಕ, ಮನಸ್ಸಿನಲ್ಲೇ ಮಾಡುವ ಮಾನಸ, ಇವೆರಡರ ನಡುವೆ ತುಟಿ ಮಾತ್ರ ಅಲ್ಲಾಡಿ ತನಗಷ್ಟೇ ಕೇಳುವ ‘ಉಪಾಂಶು’ ಎಂದು ಶಾಸ್ತ್ರದವರು ಬೇರೆಯೇ ಅಂಕಣ ಇಟ್ಟಿದ್ದಾರೆ. ‘ಯಾರಿಗೂ ಉಸುರಬೇಡ’ ಎನ್ನುವಾಗ ನಮ್ಮಲ್ಲೂ ಉಸಿರೇ ಮಾತಾಗಿದೆ. ಕೆಟ್ಟದ್ದು ‘ಕಿವಿಮಾತಿ’ನ ಗತಿ. ಕಿವಿಯ ಹತ್ತಿರ ಬಾಗಿ ಹೇಳುವ ಹಿತವಚನ ಅದು. ಈಗ ‘ವಿದ್ಯಾರ್ಥಿಗಳಿಗೆ ಸಚಿವರ ಕಿವಿಮಾತು’ ಎಂದು ಪತ್ರಿಕೆಯಲ್ಲಿ ಬರುತ್ತದೆ, ಮೈಕು ಹಿಡಿದು, ಎರಡು ಸಾವಿರ ಜನರೆದುರು.

ಪಿಸುಮಾತು ಗುಟ್ಟು ಕಾಯುತ್ತದೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಪರೀಕ್ಷಾ ಕೊಠಡಿಯಲ್ಲಿ ಹುಡುಗರು ‘ಎಷ್ಟನೇ ಪ್ರಶ್ನೆ?’ ಎಂದು ಪಿಸುಗುಟ್ಟುತ್ತಾರೆ. ಷಕಾರ, ಶಕಾರ ಎರಡನ್ನೂ ಹೊತ್ತ ಮಾತು! ಫ್ಯಾನಿಲ್ಲದ ಕೊಠಡಿಯಲ್ಲಿ ಮಾತು ಕೇಳದಿದ್ದರೂ ಸುಯ್ಲು ನೆಟ್ಟಗೆ ನನ್ನ ಕಿವಿಗೇ ಬರುತ್ತಿತ್ತು, ಯಾವ ಮೂಲೆಯಿಂದ ಎಂಬುದೂ ಗೊತ್ತಾಗುತ್ತಿತ್ತು. ಚೂಪಾದ, ಎಲ್ಲ ಬಗೆಯ ಕಂಪನಗಳೂ ಬೆರೆತ ಸದ್ದು ಬಂದ ದಿಕ್ಕನ್ನು ಕಿವಿ ಚೆನ್ನಾಗಿ ಗುರುತಿಸುತ್ತದೆ. ತಗ್ಗಿದ ದನಿಯಲ್ಲಿ ಮೆಲ್ಲಗೆ ಕೇಳಿದ್ದರೆ ಎಷ್ಟೋ ಸಲ ಪಾರಾಗುತ್ತಿದ್ದರು.

ಇದನ್ನು ಯೋಚಿಸುವಾಗಲೆಲ್ಲ ನನಗೆ ಚಿತ್ರದುರ್ಗದ ಕೋಟೆ ನೆನಪಾಗುತ್ತದೆ. ನಮ್ಮ ಜಿಲ್ಲೆ ದುರ್ಗದಿಂದ ಬೇರೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ನಾವೂ ದುರ್ಗದವರೇ, ಒನಕೆ ಓಬವ್ವ ನಮ್ಮವಳೂ ಹೌದು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆಂದು ತಣ್ಣೀರು ದೋಣಿಯ ಕಡೆ ಹೋಗಿದ್ದಾಳೆ, ಹೈದರಾಲಿಯ ಸೈನಿಕರು ಬಂಡೆಯ ಕಿಂಡಿಯಲ್ಲಿ ನುಸುಳುತ್ತಿದ್ದಾರೆ. ಈ ಕತೆಯನ್ನು ಹೇಳುವವರಲ್ಲಿ ಕೆಲವರು ಅವಳು ಮೊದಲು ಕಂಡದ್ದಲ್ಲ, ಕೇಳಿದ್ದು ಎನ್ನುತ್ತಾರೆ: ಬಂಡೆಯ ಆಚೆ ಪಿಸುದನಿ. ನಡೆದದ್ದು ಹಾಗೆಯೇ ಎಂದು ಸಾಕ್ಷಿ ಹೇಳಲು ನಾನು ಅಲ್ಲಿರಲಿಲ್ಲ, ಆದರೆ ಸದ್ದಿನ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. ಮಣ್ಣು, ಹುಲ್ಲು, ಬಟ್ಟೆ ಸಕಾರವನ್ನು ನುಂಗುತ್ತವೆ. ಬೆತ್ತಲೆ ಕರಿಬಂಡೆ ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಒಬ್ಬರೇ ತೂರುವಷ್ಟು ಕಿರಿದಾದ ಆ ಕಿಂಡಿಯಲ್ಲಿ ಪಿಸುಮಾತು ಚದುರಲು ಜಾಗವಿಲ್ಲ, ಕೊಳವೆಯಲ್ಲಿ ಸಾಗಿದಂತೆ ಈಚೆ ಬಂದು ಬೀಳುತ್ತದೆ. ಕೋಟೆ ಕೊನೆಗೆ 1779ರಲ್ಲಿ ಹೈದರನ ಪಾಲಾಯಿತು, ಆ ಮಾತು ಬೇರೆ. ಕಿಂಡಿಯ ಹತ್ತಿರ ಹೋದರೆ ಒಬ್ಬರನ್ನು ಆಚೆ ನಿಲ್ಲಿಸಿ ಪಿಸುಗುಟ್ಟಿಸಿ ನೋಡಿ, ಜನ ಕಡಿಮೆ ಇರುವ ಬೆಳಗಿನ ಹೊತ್ತಲ್ಲಿ. ವಿಜಯಪುರದ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯದೂ ದೂರದ ನೆಂಟಸ್ತನವೇ. ಅಲ್ಲಿ ಬಾಗಿದ ಗೋಡೆಗುಂಟ ಸದ್ದು ಜಾರಿಕೊಂಡು ಹೋಗಿ ಎದುರು ಬದಿಯವರ ಕಿವಿ ಮುಟ್ಟುತ್ತದೆ. ಶಾಲಾ ಪ್ರವಾಸದ ಮಕ್ಕಳು ಕಿರುಚುವುದರಿಂದ ಪಿಸುಮಾತಿಗೆ ಅವಕಾಶ ಸಿಗುವುದಿಲ್ಲ, ಅಷ್ಟೇ.

ನಾಟಕದವರ ಪಾಡು ಇದಕ್ಕೆ ತದ್ವಿರುದ್ಧ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವಿದೆ. 1997ರಿಂದ ನಾಡು ಸುತ್ತುತ್ತಿರುವ ಶಿವಸಂಚಾರ ತಂಡದ ತವರು. ಬಯಲಲ್ಲಿ, ಸಾವಿರಾರು ಜನರೆದುರು, ಒಬ್ಬ ಪಾತ್ರಧಾರಿ ಇನ್ನೊಬ್ಬನ ಕಿವಿಯಲ್ಲಿ ಗುಟ್ಟು ಹೇಳಬೇಕು. ನಿಜವಾಗಿ ಪಿಸುಗುಟ್ಟಿದರೆ ಮೊದಲ ಸಾಲಿಗೂ ಕೇಳದು. ಹೀಗಾಗಿ ಪಳಗಿದ ನಟರು ಪಿಸುಗುಟ್ಟುವುದೇ ಇಲ್ಲ. ಹೊಟ್ಟೆಯಿಂದ ಉಸಿರು ತಳ್ಳಿ, ದನಿಗೆ ಅದನ್ನು ಧಾರಾಳವಾಗಿ ಬೆರೆಸಿ, ಅಕ್ಷರಗಳನ್ನು ಕಡಿದು ಕಡಿದು ಆಡುತ್ತಾರೆ; ಕತ್ತು ಬಾಗಿಸಿ, ಅಂಗೈ ಅಡ್ಡ ಹಿಡಿದು ಉಳಿದರ್ಧವನ್ನು ಮೈಯಿಂದ ಹೇಳುತ್ತಾರೆ. ಕೊನೆಯ ಸಾಲಿನವನಿಗೆ ಅದು ಪಿಸುಮಾತು. ಗಂಟಲಿಗೆ ಬೆರಳಿಟ್ಟು ನೋಡಿದರೆ ಜುಮುಜುಮು ಇದ್ದೇ ಇರುತ್ತದೆ.

ನನ್ನ ಗಂಟಲಿಗೆ ಬರುತ್ತೇನೆ. ನಾಲ್ಕನೆಯ ದಿನ ಡಾಕ್ಟರ ಮಾತು ಮುರಿದೆ. ಮಂಡಕ್ಕಿ ತರಲು ಅಂಗಡಿಗೆ ಹೋಗಿದ್ದೆ, ದನಿ ಹೊರಡಲಿಲ್ಲ, ಅಭ್ಯಾಸಬಲದಿಂದ ‘ಎರಡು ಸೇರು’ ಎಂದು ಪಿಸುಗುಟ್ಟಿಬಿಟ್ಟೆ. ಅಂಗಡಿಯಾತ ಅತ್ತ ಇತ್ತ ನೋಡಿದ. ಗಲ್ಲಾಪೆಟ್ಟಿಗೆಯ ಮೇಲೆ ಮುಂದಕ್ಕೆ ಬಾಗಿದ. ನನಗಿಂತ ಸಣ್ಣದಾಗಿ ಪಿಸುಗುಟ್ಟಿದ: ‘ಖಾರದ್ದೇನ್ರೀ ಸಾರ್, ಸಾದಾದ್ದಾ?’

ಎದುರಿನವರು ಪಿಸುಗುಟ್ಟಿದರೆ ನಾವೂ ಪಿಸುಗುಟ್ಟುತ್ತೇವೆ, ಯಾಕೆಂದು ಕೇಳುವುದಿಲ್ಲ. ‘ಸಾದಾ’ ಎಂದೆ, ಮತ್ತೆ ಪಿಸುದನಿಯಲ್ಲೇ. ಆತ ಸದ್ದಾಗದಂತೆ ಸೇರು ತುಂಬಿ ಚೀಲಕ್ಕೆ ಸುರಿದ. ಚಿಲ್ಲರೆಯನ್ನೂ ಸದ್ದಿಲ್ಲದೆ ಕೊಟ್ಟ. ಕೊನೆಗೆ ತಡೆಯಲಾರದೆ, ‘ಒಳಗ ಯಾರರ ಮಲಗ್ಯಾರೇನ್ರಿ ಸಾರ್?’ ಎಂದು ತನ್ನದೇ ಅಂಗಡಿಯ ಬಗ್ಗೆ ನನ್ನನ್ನು ಕೇಳಿದ.